ನರ್ಸಿನ ಕೈ ಪಳಗುವುದು ಎಲ್ಲಿ?

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಪಾಲಕರು ಮತ್ತು ಪಿ.ಯು. ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



 

ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಪಾಠ ಹೇಳುವವರಿಗೆ ನರ್ಸಿಂಗ್ ವಿಷಯ ಏಕೆ ಎಂದು ತಮಗೆ ಅನ್ನಿಸಬಹುದು. ಕಾರಣ ಇಷ್ಟೆ. ಪ್ರತಿವರ್ಷ ಪಿ.ಯು.ಸಿ. ಫಲಿತಾಂಶ ಬಂದ ಕೂಡಲೇ ಪಾಲಕರು ಮಗಳನ್ನೋ ಮಗನನ್ನೋ ಕರೆದುಕೊಂಡು ಶಿಕ್ಷಕರ ಬಳಿ ಬರುತ್ತಾರೆ. "ನರ್ಸಿಂಗ್‌ಗೆ ಸೇರಿಸೋಣವೇ? ಯಾವ ಕಾಲೇಜು ಒಳ್ಳೆಯದು? ಫೀಸು ಎಷ್ಟಾಗುತ್ತದೆ? ಹಾಸ್ಟೆಲ್ ಇದೆಯೇ? ಗಲ್ಫ್‌ನಲ್ಲಿ ಕೆಲಸ ಸಿಗುತ್ತದೆಯೇ?" ಎಂದು ಕೇಳುತ್ತಾರೆ. ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದು, "ಈ ಕಾಲೇಜಿನ ಮಕ್ಕಳು ಯಾವ ಆಸ್ಪತ್ರೆಯಲ್ಲಿ, ಎಷ್ಟು ರೋಗಿಗಳ ಬಳಿ, ಯಾರ ಕೈಕೆಳಗೆ ಕೆಲಸ ಕಲಿಯುತ್ತಾರೆ?" ಎಂಬುದು.

ಇಂದು ನಾನು ಹೇಳಬೇಕಾದದ್ದು ಈ ಒಂದೇ ಪ್ರಶ್ನೆಯ ಸುತ್ತ ಇದೆ. ನರ್ಸಿನ ಸಾಮರ್ಥ್ಯ ಹೇಗೆ ಬೆಳೆಯುತ್ತದೆ, ಯಾವುದರಿಂದ ಕುಂಠಿತವಾಗುತ್ತದೆ, ಅದರಲ್ಲಿ ಕಾಲೇಜಿನ ಪಾಲೆಷ್ಟು, ಆಸ್ಪತ್ರೆಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದನ್ನು ದಯವಿಟ್ಟು ನನ್ನೊಂದಿಗೆ ಯೋಚಿಸಿ. ಮಾತಿನ ಅನುಕೂಲಕ್ಕಾಗಿ ನಾನು 'ಆಕೆ' ಎನ್ನುತ್ತೇನೆ. ಈ ವೃತ್ತಿಗೆ ಬರುವ ಹುಡುಗರಿಗೂ, ಆಸ್ಪತ್ರೆಯಲ್ಲಿ ನಾವು 'ಬ್ರದರ್' ಎಂದು ಕರೆಯುವವರಿಗೂ, ಇದೆಲ್ಲ ಅಷ್ಟೇ ಅನ್ವಯಿಸುತ್ತದೆ.

ಎರಡು ಭಾಷೆಯ ಒಂದು ಪದ

ಉರ್ದುವಿನಲ್ಲಿ 'ತಾಲೀಮ್' ಎಂದರೆ ವಿದ್ಯಾಭ್ಯಾಸ. ಅದೇ ಪದ ಕನ್ನಡಕ್ಕೆ ಬಂದು 'ತಾಲೀಮು' ಆಗಿದೆ. ಆದರೆ ಕನ್ನಡದಲ್ಲಿ ಅದರ ಅರ್ಥ ಬೇರೆ. ಗರಡಿಯಲ್ಲಿ ಪೈಲ್ವಾನರು ಮಾಡುವುದು ತಾಲೀಮು. ನಾಟಕ ಆಡುವ ಮೊದಲು ಕಲಾವಿದರು ನಡೆಸುವುದು ತಾಲೀಮು. ಒಂದು ಭಾಷೆಯಲ್ಲಿ ಅರಿವು, ಇನ್ನೊಂದರಲ್ಲಿ ಮೈ ಬಗ್ಗಿಸಿ ಮಾಡುವ ಅಭ್ಯಾಸ. ನರ್ಸಿಂಗ್ ಶಿಕ್ಷಣಕ್ಕೆ ಈ ಎರಡೂ ಅರ್ಥಗಳು ಒಟ್ಟಿಗೆ ಬೇಕು.

ಒಂದು ಸಣ್ಣ ಉದಾಹರಣೆ ನೋಡಿ. ರಕ್ತದೊತ್ತಡ, ಅಂದರೆ ಬಿ.ಪಿ. ನೋಡುವುದು ಹೇಗೆಂದು ಪುಸ್ತಕದ ಅರ್ಧ ಪುಟದಲ್ಲಿ ಬರೆದಿರುತ್ತದೆ. ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯಬಹುದು. ವಾರ್ಡಿನಲ್ಲಿ ಮಾತ್ರ ಬೇರೆಯೇ ಸಂಗತಿಗಳು ಎದುರಾಗುತ್ತವೆ. ರೋಗಿ ಈಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದರೆ ಐದು ನಿಮಿಷ ಕೂರಿಸಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಷ್ಟರಲ್ಲಿ ಪಕ್ಕದ ಮಗು ಅಳುತ್ತಿರುತ್ತದೆ, ರೋಗಿಯ ಸಂಬಂಧಿಕರು ಏನೋ ಕೇಳುತ್ತಿರುತ್ತಾರೆ. ಈ ಗದ್ದಲದಲ್ಲಿ ಸ್ಟೆತಸ್ಕೋಪಿನೊಳಗಿನ ಸಣ್ಣ ಶಬ್ದ ಕಿವಿಗೆ ಬೀಳಬೇಕು. ಬಂದ ಅಂಕಿಯನ್ನು ಬರೆದಿಟ್ಟರೆ ಕೆಲಸ ಮುಗಿಯಲಿಲ್ಲ. ಬೆಳಿಗ್ಗೆ ಎಷ್ಟಿತ್ತು, ಈಗೇಕೆ ಇಳಿದಿದೆ, ಡಾಕ್ಟರನ್ನು ಕೂಡಲೇ ಕರೆಯಬೇಕೇ ಎಂದು ನಿರ್ಧರಿಸಬೇಕು. ತಿಳಿವಳಿಕೆ, ಕೈಕೆಲಸ, ವಿವೇಚನೆ, ರೋಗಿಯ ಜೊತೆಗಿನ ನಡವಳಿಕೆ, ಈ ನಾಲ್ಕೂ ಕೂಡಿದಾಗ ಮಾತ್ರ ನರ್ಸ್ ಸಮರ್ಥಳು.

ಅಮೆರಿಕದ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ತೋರಿಸಿದರು. ಮೊದಲ ಮೆಟ್ಟಿಲು, ವಿಷಯ ಗೊತ್ತಿದೆ. ಎರಡನೆಯದು, ಹೇಗೆ ಮಾಡಬೇಕೆಂದು ಗೊತ್ತಿದೆ. ಮೂರನೆಯದು, ಮಾಡಿ ತೋರಿಸಬಲ್ಲಳು. ನಾಲ್ಕನೆಯದು, ಯಾರೂ ನೋಡದಿದ್ದಾಗಲೂ ದಿನನಿತ್ಯ ಹಾಗೆಯೇ ಮಾಡುತ್ತಾಳೆ. ನಮ್ಮ ಲಿಖಿತ ಪರೀಕ್ಷೆಗಳು ಬಹುಮಟ್ಟಿಗೆ ಮೊದಲ ಎರಡು ಮೆಟ್ಟಿಲುಗಳನ್ನಷ್ಟೇ ಅಳೆಯುತ್ತವೆ. ರೋಗಿಯ ಪ್ರಾಣ ನಿಂತಿರುವುದು ನಾಲ್ಕನೆಯ ಮೆಟ್ಟಿಲಿನ ಮೇಲೆ.

ಶಾಲೆ ಆಸ್ಪತ್ರೆಯೊಳಗೇ ಹುಟ್ಟಿತು

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರಲ್ಲಿ, ಆಕೆ ದೀಪ ಹಿಡಿದು ಗಾಯಾಳುಗಳ ಸೇವೆ ಮಾಡಿದ ಕಥೆಯನ್ನು ನಾವೆಲ್ಲ ಓದಿದ್ದೇವೆ. ಆದರೆ ಆಕೆಯ ದೊಡ್ಡ ಕೆಲಸ ಅನಂತರದ್ದು. 1860ರಲ್ಲಿ ಆಕೆಯ ಹೆಸರಿನ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ಆ ಶಾಲೆಯನ್ನು ಬೇರೆಲ್ಲೋ ಕಟ್ಟಲಿಲ್ಲ, ಆಸ್ಪತ್ರೆಯಲ್ಲೇ ಇಟ್ಟರು. ಹುಡುಗಿಯರು ಅಲ್ಲಿಯೇ ಉಳಿದು, ವಾರ್ಡ್ ಸಿಸ್ಟರುಗಳ ಕಣ್ಣೆದುರಿಗೆ ಕೆಲಸ ಮಾಡುತ್ತ ಕಲಿತರು. ಪಾಠ ಬೇರೆಡೆ, ರೋಗಿ ಬೇರೆಡೆ ಎಂಬ ವ್ಯವಸ್ಥೆ ಅಲ್ಲಿರಲಿಲ್ಲ.

ನಮ್ಮ ದೇಶದಲ್ಲಿ ನರ್ಸಿಂಗ್ ಪದವಿ ಶಿಕ್ಷಣ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಆರಂಭವಾಯಿತು. ವೆಲ್ಲೂರಿನ ಕಾಲೇಜು ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಡಿಲಲ್ಲಿಯೇ ಬೆಳೆಯಿತು. ಇಂದಿಗೂ ಅಂಥ ಸಂಸ್ಥೆಗಳ ಹೆಸರು ಹೇಳಿದರೆ ಸಾಕು, ಅಲ್ಲಿ ಕಲಿತವರ ಕೈಗುಣದ ಬಗ್ಗೆ ಯಾರೂ ಪ್ರಮಾಣಪತ್ರ ಕೇಳುವುದಿಲ್ಲ.

ನಮ್ಮ ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂದು ರಾಜ್ಯದಲ್ಲಿ ನೂರಾರು ನರ್ಸಿಂಗ್ ಕಾಲೇಜುಗಳಿವೆ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಇದು ಹೆಮ್ಮೆಯ ವಿಷಯ. ಆದರೆ ಈ ಕಾಲೇಜುಗಳೆಲ್ಲ ಒಂದೇ ತೂಕದವಲ್ಲ. ಕೆಲವಕ್ಕೆ ಸ್ವಂತ ದೊಡ್ಡ ಆಸ್ಪತ್ರೆಯಿದೆ. ಇನ್ನು ಕೆಲವಕ್ಕೆ ಒಂದು ಕಟ್ಟಡ, ಒಂದು ಬೋರ್ಡು, ಮತ್ತು ಮಕ್ಕಳನ್ನು ಬೇರೊಂದು ಆಸ್ಪತ್ರೆಗೆ ಕರೆದೊಯ್ಯುವ ಒಂದು ಬಸ್ಸು ಇದೆ. ಪಾಲಕರು ಈ ವ್ಯತ್ಯಾಸವನ್ನು ಕಣ್ಣಾರೆ ಕಾಣಬೇಕು.

ಮೊದಲನೆಯದು: ರೋಗಿಗಳು

ದಡದ ಮೇಲೆ ನಿಂತು ಯಾರೂ ಈಜು ಕಲಿತಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ಮಾನದಂಡಗಳಲ್ಲಿ ಬಿ.ಎಸ್ಸಿ. ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ 3 ರೋಗಿಗಳಾದರೂ ಕಲಿಕೆಗೆ ಸಿಗಬೇಕು, 10 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕು ಎಂಬ ನಿಯಮಗಳಿವೆ. ಇವು ಸುಮ್ಮನೆ ಬರೆದ ಅಂಕಿಗಳಲ್ಲ. ಒಂದೇ ಮಂಚದ ಸುತ್ತ 20 ಮಕ್ಕಳು ನಿಂತರೆ ಮುಂದಿನ ಇಬ್ಬರಿಗೆ ರೋಗಿ ಕಾಣಿಸುತ್ತಾನೆ, ಹಿಂದಿನವರಿಗೆ ಮುಂದಿನವರ ಬೆನ್ನು ಕಾಣಿಸುತ್ತದೆ.

ರೋಗಿಗಳ ಸಂಖ್ಯೆಯಷ್ಟೇ ವೈವಿಧ್ಯವೂ ಮುಖ್ಯ. ಹೆರಿಗೆ ವಾರ್ಡು, ಮಕ್ಕಳ ವಾರ್ಡು, ಶಸ್ತ್ರಚಿಕಿತ್ಸೆಯ ವಾರ್ಡು, ತುರ್ತು ಚಿಕಿತ್ಸೆ, ಮಾನಸಿಕ ರೋಗಿಗಳ ವಿಭಾಗ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ, ಇವೆಲ್ಲ ಬೇರೆ ಬೇರೆ ಪಾಠಶಾಲೆಗಳಿದ್ದಂತೆ. 2020ರಲ್ಲಿ ಕೋವಿಡ್ ಬಂದು ಕಾಲೇಜುಗಳು ಮುಚ್ಚಿದಾಗ ಪಾಠಗಳೆಲ್ಲ ಮೊಬೈಲಿಗೆ ಬಂದವು. ಉರ್ದು ಪದ್ಯವನ್ನು ಮೊಬೈಲಿನಲ್ಲಿ ಕಲಿಸಬಹುದು. ಆದರೆ ಹಾಸಿಗೆ ಹಿಡಿದ ಅಜ್ಜನಿಗೆ ಬೆನ್ನಿನ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಮೊಬೈಲಿನಲ್ಲಿ ಬರುವುದಿಲ್ಲ.

2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಸೆಮಿಸ್ಟರ್ ಪದ್ಧತಿಗೆ ಬದಲಿಸಿ, ಸಾಮರ್ಥ್ಯಕ್ಕೆ ಒತ್ತು ಕೊಟ್ಟು ಪರಿಷ್ಕರಿಸಿದರು. ಅದರಲ್ಲಿ ಕೊನೆಯ, ಅಂದರೆ ಎಂಟನೆಯ ಸೆಮಿಸ್ಟರನ್ನು ಆಸ್ಪತ್ರೆಯ ಇಂಟರ್ನ್‌ಶಿಪ್‌ಗೆ ಮೀಸಲಿಟ್ಟಿದ್ದಾರೆ. 1947ರ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆ ಹೊಸ ರಾಷ್ಟ್ರೀಯ ಆಯೋಗವನ್ನು ತರುವ ಕಾಯ್ದೆಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಕಾನೂನು ಸುಧಾರಿಸುತ್ತಿದೆ. ಆದರೆ ಕಾನೂನು ಕಾಗದದ ಮೇಲಿರುತ್ತದೆ. ನಮ್ಮ ಮಗಳ ಕಾಲೇಜಿನಲ್ಲಿ ಅದು ನಡೆಯುತ್ತಿದೆಯೇ ಎಂದು ನೋಡುವವರು ನಾವೇ.

ಎರಡನೆಯದು: ಪಕ್ಕದಲ್ಲಿ ನಿಂತು ಕಲಿಸುವವರು

ಬಿ.ಎಡ್. ಓದುವವರೆಲ್ಲ ಅಭ್ಯಾಸ ಪಾಠ ಕೊಡಬೇಕು. ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕುಳಿತು ಬರೆದುಕೊಳ್ಳುತ್ತಾರೆ: ಕಪ್ಪುಹಲಗೆಯ ಬರಹ ಚಿಕ್ಕದು, ಕಿಟಕಿಯ ಬದಿಯ ಮಕ್ಕಳಿಗೆ ಪ್ರಶ್ನೆ ಕೇಳಲಿಲ್ಲ, ದನಿ ಕೊನೆಯ ಸಾಲಿಗೆ ಮುಟ್ಟಲಿಲ್ಲ. ಪಾಠಯೋಜನೆ ಎಷ್ಟೇ ಚೆಂದ ಬರೆದಿದ್ದರೂ ಶಿಕ್ಷಕರಾಗುವುದು ಆ ಹಿಂದಿನ ಬೆಂಚಿನವರ ಮಾತಿನಿಂದಲೇ. ನರ್ಸಿಂಗ್‌ನಲ್ಲಿಯೂ ಹಾಗೆಯೇ. ವಿದ್ಯಾರ್ಥಿನಿ ಮೊದಲ ಸಲ ಇಂಜೆಕ್ಷನ್ ಕೊಡುವಾಗ, ಮೊದಲ ಸಲ ಗಾಯಕ್ಕೆ ಡ್ರೆಸಿಂಗ್ ಮಾಡುವಾಗ ಟ್ಯೂಟರ್ ಪಕ್ಕದಲ್ಲಿರಬೇಕು. ಮುಗಿದ ಮೇಲೆ, "ಇದು ಸರಿಯಾಯಿತು, ಇದನ್ನು ಹೀಗೆ ತಿದ್ದಿಕೋ" ಎಂದು ಅದೇ ದಿನ ಹೇಳಬೇಕು. ತಿಂಗಳಾದ ಮೇಲೆ ಅಂಕಪಟ್ಟಿಯಲ್ಲಿ ಹೇಳಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಆ ತಪ್ಪು ಕೈಗೆ ಅಂಟಿಕೊಂಡಿರುತ್ತದೆ.

ಪೆಟ್ರೀಷಿಯಾ ಬೆನ್ನರ್ ಎಂಬ ಅಮೆರಿಕದ ನರ್ಸಿಂಗ್ ವಿದ್ವಾಂಸೆ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನರ್ಸಿನ ಬೆಳವಣಿಗೆಯನ್ನು ಐದು ಹಂತಗಳಲ್ಲಿ ವಿವರಿಸಿದ್ದಾರೆ. ಹೊಸಬಳು, ಸ್ವಲ್ಪ ಪಳಗಿದವಳು, ಸಮರ್ಥಳು, ನುರಿತವಳು, ಪರಿಣತಳು. ಹೊಸಬಳು ನಿಯಮ ಹಿಡಿದು ನಡೆಯುತ್ತಾಳೆ. ಪರಿಣತಳು ರೋಗಿಯನ್ನು ನೋಡಿದ ಕೂಡಲೇ ಏನೋ ಸರಿಯಿಲ್ಲವೆಂದು ಗುರುತಿಸುತ್ತಾಳೆ. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದ ಮೇಲೆಯೇ ಮೂರನೆಯ ಹಂತ ಬರುತ್ತದೆ ಎಂದು ಅವರು ಹೇಳುತ್ತಾರೆ. ಹಾಗಾದರೆ ಕಾಲೇಜು ಕೊಡುವುದು ಪೂರ್ಣ ಪರಿಣತಿಯನ್ನಲ್ಲ, ಗಟ್ಟಿ ಅಡಿಪಾಯವನ್ನು.

ಒಬ್ಬ ಆರೋಗ್ಯವಂತ ವಯಸ್ಕ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾನೆ. ರೋಗಿಯ ಸ್ಥಿತಿ ಕೆಡುವಾಗ ಎಲ್ಲಕ್ಕಿಂತ ಮೊದಲು ಬದಲಾಗುವ ಲಕ್ಷಣಗಳಲ್ಲಿ ಉಸಿರಿನ ವೇಗವೂ ಒಂದು. ಆದರೆ ಅದನ್ನು ಎಣಿಸಲು ಗಡಿಯಾರ ಹಿಡಿದು ಒಂದು ನಿಮಿಷ ನಿಲ್ಲಬೇಕು. ಅವಸರದಲ್ಲಿ ಎಣಿಸದೆ, ಎಲ್ಲರ ಚಾರ್ಟಿನಲ್ಲೂ ಒಂದೇ ಅಂಕಿ ಬರೆದುಬಿಡುವ ಚಾಳಿ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಕಂಡುಬಂದಿದೆ. ಆ ಒಂದು ನಿಮಿಷವನ್ನು ಏಕೆ ಉಳಿಸಬಾರದು ಎಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುವವಳು, ತಾನೇ ನಿಂತು ಎಣಿಸುವ ಹಿರಿಯ ಸಿಸ್ಟರ್.

ಮೂರನೆಯದು: ಪ್ರಯೋಗಾಲಯದ ಬೊಂಬೆ

ನೇರವಾಗಿ ರೋಗಿಯ ಮೈಮೇಲೆ ಕಲಿಯುವುದು ಸರಿಯೇ ಎಂದು ನೀವು ಕೇಳಬಹುದು. ಸರಿಯಲ್ಲ. ಅದಕ್ಕಾಗಿಯೇ ಕಾಲೇಜಿನಲ್ಲಿ ಸ್ಕಿಲ್ ಲ್ಯಾಬ್ ಇರುತ್ತದೆ. ಬೊಂಬೆಯ ಮೇಲೆ ಇಂಜೆಕ್ಷನ್, ಹೆರಿಗೆ ಮಾಡಿಸುವುದು, ಎದೆ ಒತ್ತಿ ಹೃದಯ ನಡೆಸುವ ಸಿ.ಪಿ.ಆರ್. ಇವನ್ನೆಲ್ಲ ಕಲಿಯುತ್ತಾರೆ. ಅಮೆರಿಕದ ರಾಜ್ಯಗಳ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟವು 10 ಶಿಕ್ಷಣ ಸಂಸ್ಥೆಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಆಸ್ಪತ್ರೆಯ ಅಭ್ಯಾಸದ ಅರ್ಧದಷ್ಟು ಸಮಯವನ್ನು ಇಂಥ ಲ್ಯಾಬಿನಲ್ಲಿ ಕಳೆದವರೂ ಉಳಿದವರಷ್ಟೇ ಸಮರ್ಥರಾಗಿದ್ದರೆಂದು ಕಂಡುಬಂತು. ಆದರೆ ಅಲ್ಲಿ ತರಬೇತಿ ಪಡೆದ ಬೋಧಕರಿದ್ದರು, ಪ್ರತಿ ಅಭ್ಯಾಸದ ನಂತರ ಕುಳಿತು ಚರ್ಚಿಸುತ್ತಿದ್ದರು. ಬೊಂಬೆಗೆ ಪ್ಲಾಸ್ಟಿಕ್ ಹೊದಿಸಿ, ಬೀರುವಿಗೆ ಬೀಗ ಹಾಕಿ, ತಪಾಸಣೆಯ ದಿನ ಮಾತ್ರ ತೆಗೆಯುವ ಕಡೆ ಅದು ಕೇವಲ ಬೊಂಬೆ.

ಪರೀಕ್ಷೆಯ ಕ್ರಮವೂ ಮುಖ್ಯವೇ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ 'ಆಸ್ಕಿ' ಎಂಬ ಪರೀಕ್ಷಾ ಕ್ರಮವನ್ನು ಪರಿಚಯಿಸಿದರು. ಇದರಲ್ಲಿ ವಿದ್ಯಾರ್ಥಿ ಒಂದೊಂದು ಮೇಜಿಗೆ ಹೋಗಿ, ನಿಗದಿತ ನಿಮಿಷಗಳಲ್ಲಿ ಒಂದೊಂದು ಕೆಲಸವನ್ನು ಮಾಡಿ ತೋರಿಸಬೇಕು. ಪರೀಕ್ಷಕರು ಮೊದಲೇ ಬರೆದ ಪಟ್ಟಿಯಂತೆ ಗುರುತು ಹಾಕುತ್ತಾರೆ. ಬ್ರಿಟನ್ನಿಗೆ ಹೋಗಬಯಸುವ ನಮ್ಮ ನರ್ಸುಗಳು ಇಂದು ಈ ಪರೀಕ್ಷೆಯನ್ನು ದಾಟಲೇಬೇಕು. ಗಲ್ಫ್ ದೇಶಗಳಲ್ಲಿಯೂ ಪರವಾನಗಿ ಪರೀಕ್ಷೆಗಳಿವೆ. ಅಂಕಪಟ್ಟಿಗೆ ಚೌಕಟ್ಟು ಹಾಕಿಸಿ ತೆಗೆದುಕೊಂಡು ಹೋದರೆ ಅಲ್ಲಿ ಬಾಗಿಲು ತೆರೆಯುವುದಿಲ್ಲ.

ನಾಲ್ಕನೆಯದು: ಭಾಷೆ ಮತ್ತು ಲೆಕ್ಕ

ಇಲ್ಲಿ ನಮ್ಮ ಶಾಲೆಗಳ ಜವಾಬ್ದಾರಿ ಬರುತ್ತದೆ. ಉರ್ದು ಮಾಧ್ಯಮದಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿದ ಹುಡುಗಿ ನರ್ಸಿಂಗ್ ಕಾಲೇಜಿಗೆ ಹೋದ ದಿನ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು ಎದುರಾಗುತ್ತವೆ. ಬುದ್ಧಿ ಕಡಿಮೆಯಿಲ್ಲ, ಆದರೆ ವಾಕ್ಯ ಅರ್ಥವಾಗುವುದಿಲ್ಲ. ಆಗ ಆಕೆ ಅರ್ಥ ಬಿಟ್ಟು ಬಾಯಿಪಾಠಕ್ಕೆ ಇಳಿಯುತ್ತಾಳೆ. ಬಾಯಿಪಾಠ ಮಾಡಿದ್ದು ವಾರ್ಡಿನಲ್ಲಿ ನೆನಪಿಗೆ ಬರುವುದಿಲ್ಲ.

ಆದರೆ ಇದೇ ಹುಡುಗಿಯ ಬಳಿ ಒಂದು ಸಂಪತ್ತಿದೆ. ಪುಸ್ತಕದಲ್ಲಿ 'ಚೆಸ್ಟ್ ಡಿಸ್‌ಕಂಫರ್ಟ್' ಎಂದಿರುತ್ತದೆ. ರೋಗಿ ಹಾಗೆ ಹೇಳುವುದಿಲ್ಲ. ಒಬ್ಬರು "ಎದಿ ಹಿಡದಂಗ ಆಗ್ತದವ್ವ" ಎನ್ನುತ್ತಾರೆ, ಇನ್ನೊಬ್ಬರು "ಏನೋ ಸಂಕಟ" ಎನ್ನುತ್ತಾರೆ, ಮತ್ತೊಬ್ಬ ಖಾಲಾ "ಜೀ ಘಬ್ರಾರಾ ಬೇಟಿ" ಎಂದು ಸುಮ್ಮನಾಗುತ್ತಾರೆ. ಈ ಮೂರೂ ಮಾತುಗಳ ಹಿಂದೆ ಹೃದಯಾಘಾತ ಇರಬಹುದೆಂದು ಹಿಡಿಯಬಲ್ಲವಳು ಈ ಭಾಷೆಗಳನ್ನು ಬಲ್ಲ ನರ್ಸ್. ಆದ್ದರಿಂದ ಮಕ್ಕಳೆ, ನಿಮ್ಮ ಮನೆಮಾತಿನ ಬಗ್ಗೆ ಕೀಳರಿಮೆ ಬೇಡ. ಇಂಗ್ಲಿಷನ್ನು ಕಲಿಯಿರಿ, ಇವನ್ನು ಉಳಿಸಿಕೊಳ್ಳಿ.

ಇನ್ನು ಲೆಕ್ಕ. ಮಗುವಿಗೆ 250 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೊಡಿ ಎಂದು ಡಾಕ್ಟರು ಬರೆದಿದ್ದಾರೆಂದು ಇಟ್ಟುಕೊಳ್ಳಿ. ಸಿರಪ್ ಬಾಟಲಿಯ ಮೇಲೆ 5 ಮಿ.ಲೀ.ಗೆ 125 ಮಿಲಿಗ್ರಾಂ ಎಂದಿದೆ. ಹಾಗಾದರೆ 10 ಮಿ.ಲೀ. ಕೊಡಬೇಕು. ಮರುದಿನ ಅದೇ ಔಷಧದ ಬೇರೆ ಬಾಟಲಿ ಬಂದಿದೆ, ಅದರ ಮೇಲೆ 5 ಮಿ.ಲೀ.ಗೆ 250 ಮಿಲಿಗ್ರಾಂ ಎಂದಿದೆ. ಈಗ 5 ಮಿ.ಲೀ. ಸಾಕು. ಲೇಬಲ್ ಓದದೆ ನಿನ್ನೆಯಂತೆಯೇ 10 ಮಿ.ಲೀ. ಹಾಕಿದರೆ ಮಗುವಿಗೆ ಎರಡು ಪಟ್ಟು ಔಷಧ ಹೋಯಿತು. ಇದು ಏಳನೆಯ ತರಗತಿಯ ತ್ರೈರಾಶಿ ಲೆಕ್ಕ. 0.5 ಮತ್ತು 5ರ ನಡುವಿನ ಒಂದು ಚುಕ್ಕೆ ಹತ್ತು ಪಟ್ಟು ವ್ಯತ್ಯಾಸ ತರುತ್ತದೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ, ಈ ಐದನ್ನು ನೋಡದೆ ಔಷಧ ಕೊಡಬಾರದೆಂದು ನರ್ಸುಗಳಿಗೆ ಕಲಿಸುತ್ತಾರೆ. ದಶಮಾಂಶ ಕಲಿಸುವ ನಮ್ಮ ಗಣಿತದ ಮೇಷ್ಟ್ರು ತಾನೂ ಒಂದು ಪ್ರಾಣ ಉಳಿಸುವ ಕೆಲಸದಲ್ಲಿದ್ದೇನೆಂದು ತಿಳಿಯಬೇಕು.

ಐದನೆಯದು: ವಾರ್ಡಿನ ವಾತಾವರಣ

ಎಷ್ಟೇ ಚೆನ್ನಾಗಿ ಕಲಿತವಳೂ ಕೆಟ್ಟ ವಾತಾವರಣದಲ್ಲಿ ಮಂಕಾಗುತ್ತಾಳೆ. ಕೆಲವು ಕಡೆ ವಿದ್ಯಾರ್ಥಿನಿಯರನ್ನು ಕಲಿಯುವವರೆಂದು ನೋಡದೆ, ಪುಕ್ಕಟೆ ಸಿಕ್ಕ ಕೈಗಳೆಂದು ನೋಡುತ್ತಾರೆ. ದಿನವಿಡೀ ಹಾಸಿಗೆ ಸರಿಮಾಡುವುದು, ಲ್ಯಾಬಿನಿಂದ ರಿಪೋರ್ಟು ತರುವುದು, ಇಷ್ಟರಲ್ಲೇ ಡ್ಯೂಟಿ ಮುಗಿಯುತ್ತದೆ. ಇನ್ನು ಕೆಲವು ಕಡೆ ಪ್ರಶ್ನೆ ಕೇಳಿದರೆ ರೋಗಿಗಳ ಎದುರಿಗೇ ಬೈಗುಳ. ಬೈಸಿಕೊಂಡ ಹುಡುಗಿ ಮರುದಿನ ಕೇಳುವುದನ್ನೇ ನಿಲ್ಲಿಸುತ್ತಾಳೆ. ಗೊತ್ತಿಲ್ಲದಿದ್ದರೂ ಗೊತ್ತಿದ್ದಂತೆ ಮಾಡುತ್ತಾಳೆ. ಆಸ್ಪತ್ರೆಯಲ್ಲಿ ಇದಕ್ಕಿಂತ ಅಪಾಯ ಬೇರೊಂದಿಲ್ಲ.

ಸಿಬ್ಬಂದಿಯ ಸಂಖ್ಯೆಯೂ ಮುಖ್ಯ. ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದಂತೆಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇಕಡ 7ರಷ್ಟು ಹೆಚ್ಚಿತ್ತು. 2014ರಲ್ಲಿ ಯುರೋಪಿನ 9 ದೇಶಗಳ ಅಧ್ಯಯನದಲ್ಲೂ ಇದೇ ಬಗೆಯ ಫಲಿತಾಂಶ ಬಂತು. ಜೊತೆಗೆ, ಪದವಿ ಪಡೆದ ನರ್ಸುಗಳ ಪಾಲು ಶೇಕಡ 10 ಹೆಚ್ಚಿದ್ದಲ್ಲಿ ಸಾವಿನ ಸಂಭವ ಶೇಕಡ 7ರಷ್ಟು ಕಡಿಮೆಯಿತ್ತು. ಶಿಕ್ಷಣವೂ ಬೇಕು, ಆ ಶಿಕ್ಷಣವನ್ನು ಬಳಸಲು ಪುರುಸೊತ್ತೂ ಬೇಕು ಎಂಬುದು ಇದರ ತಾತ್ಪರ್ಯ. ಆಸ್ಪತ್ರೆಯಲ್ಲಿ ಸಿಸ್ಟರ್ ತಡವಾಗಿ ಬಂದರೆಂದು ರೇಗುವ ಮೊದಲು, ಆಕೆ ಎಷ್ಟು ಮಂಚಗಳನ್ನು ಒಬ್ಬಳೇ ನೋಡುತ್ತಿದ್ದಾಳೆಂದು ಒಮ್ಮೆ ಎಣಿಸಿ ನೋಡಿ.

ಆರನೆಯದು: ಕಲಿಯುವವಳ ಮನಸ್ಸು

ವಿದ್ಯಾರ್ಥಿಗಳೆ, ಈ ಮಾತು ನಿಮಗೆ. ನರ್ಸಿಂಗ್‌ನಲ್ಲಿ ಲಾಗ್ ಬುಕ್ ಎಂಬ ಪುಸ್ತಕ ಇರುತ್ತದೆ. ಎಷ್ಟು ಇಂಜೆಕ್ಷನ್ ಕೊಟ್ಟಿರಿ, ಎಷ್ಟು ಹೆರಿಗೆ ನೋಡಿದಿರಿ ಎಂದು ಬರೆದು ಸಹಿ ಹಾಕಿಸಬೇಕು. ಮಾಡದ್ದನ್ನು ಮಾಡಿದೆನೆಂದು ಬರೆದು ಸಹಿ ಪಡೆಯುವುದು ಸುಲಭ. ಆದರೆ ಆ ಸುಳ್ಳಿನ ಬೆಲೆಯನ್ನು ಮುಂದೊಂದು ದಿನ ಇನ್ನೊಬ್ಬರ ತಾಯಿ ತೆರಬೇಕಾಗುತ್ತದೆ.

ಎರಡನೆಯ ಮಾತು ಕೈ ತೊಳೆಯುವುದು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಒಂದು ವಿಚಿತ್ರವನ್ನು ಬೆನ್ನಟ್ಟಿದರು. ಸೂಲಗಿತ್ತಿಯರು ಕಲಿಯುವ ವಾರ್ಡಿಗಿಂತ ವೈದ್ಯ ವಿದ್ಯಾರ್ಥಿಗಳು ಕಲಿಯುವ ವಾರ್ಡಿನಲ್ಲಿ ಹೆಚ್ಚು ಬಾಣಂತಿಯರು ಸಾಯುತ್ತಿದ್ದರು. ಆ ವಿದ್ಯಾರ್ಥಿಗಳು ಶವಪರೀಕ್ಷೆ ಮಾಡಿ ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದ ಮೇಲೆ ಸಾವು ಬಹಳ ಇಳಿಯಿತು. ಹೆಚ್ಚು ಓದಿದವರ ಕೈಯೇ ಕೊಲ್ಲುತ್ತಿತ್ತು ಎಂಬುದನ್ನು ನೆನಪಿಡಿ. ಇದು ಇಂದಿಗೂ ಪಾಠವೇ.

ಮೂರನೆಯದು, ಕಲಿತದ್ದು ಮರೆಯುತ್ತದೆ. ಸಿ.ಪಿ.ಆರ್.ನಂಥ ಅಪರೂಪಕ್ಕೆ ಬೇಕಾಗುವ ಕೌಶಲ ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಪ್ರಮಾಣಪತ್ರಕ್ಕೆ ತುಕ್ಕು ಹಿಡಿಯುವುದಿಲ್ಲ, ಕೈಗೆ ಹಿಡಿಯುತ್ತದೆ.

ಪಾಲಕರೆ, ಇಷ್ಟು ಕೇಳಿ ಬನ್ನಿ

ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನಾಲ್ಕು ವರ್ಷದ ಕೋರ್ಸು. ಯಾವುದಕ್ಕೇ ಸೇರಿಸಿ, ಫೀಸು ಕಟ್ಟುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಇವನ್ನು ವಿಚಾರಿಸಿ:

1. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ಇದ್ದರೆ ಒಳಗೆ ಹೋಗಿ ನೋಡಿ. ಮಂಚಗಳಿದ್ದರೆ ಸಾಲದು, ಅವುಗಳ ಮೇಲೆ ರೋಗಿಗಳೂ ಇರಬೇಕು.

2. ಬೇರೆ ಆಸ್ಪತ್ರೆಗೆ ಕಳಿಸುವುದಾದರೆ ಯಾವುದಕ್ಕೆ, ವಾರಕ್ಕೆ ಎಷ್ಟು ದಿನ? ಒಪ್ಪಂದದ ಕಾಗದ ಇದೆಯೇ?

3. ಮಕ್ಕಳ ಜೊತೆ ವಾರ್ಡಿಗೆ ಟ್ಯೂಟರ್ ಹೋಗುತ್ತಾರೆಯೇ, ಅಥವಾ ಬಸ್ಸು ಇಳಿಸಿ ಬರುತ್ತದೆಯೇ?

4. ಸ್ಕಿಲ್ ಲ್ಯಾಬ್ ದಿನವೂ ತೆರೆದಿರುತ್ತದೆಯೇ?

5. ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಅವರಲ್ಲಿ ಇಬ್ಬರ ಜೊತೆ ಮಾತಾಡಿ.

6. ಮಾನ್ಯತೆಯ ಪತ್ರ ಈ ವರ್ಷದ್ದೇ? ವಿಶ್ವವಿದ್ಯಾಲಯ ಮತ್ತು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿಯೂ ವಿಚಾರಿಸಿ.

7. ಹಾಸ್ಟೆಲ್‌ನಿಂದ ಆಸ್ಪತ್ರೆಗೆ ರಾತ್ರಿ ಹೋಗಿ ಬರಲು ಏನು ವ್ಯವಸ್ಥೆ ಇದೆ?

ಈ ಕೊನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಅನೇಕರು, "ಓದಲಿ, ಆದರೆ ನೈಟ್ ಡ್ಯೂಟಿ ಮಾತ್ರ ಬೇಡ" ಎನ್ನುತ್ತಾರೆ. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ರೋಗ ರಾತ್ರಿ ಮಲಗುವುದಿಲ್ಲ. ಡಾಕ್ಟರುಗಳು ಕಡಿಮೆ ಇರುವ, ನರ್ಸ್ ತಾನೇ ಗಮನಿಸಿ ನಿರ್ಧರಿಸಬೇಕಾದ ಹೊತ್ತು ಅದು. ಆ ಹೊತ್ತನ್ನು ಕಾಣದವಳ ಕಲಿಕೆಯಲ್ಲಿ ಒಂದು ದೊಡ್ಡ ಅಧ್ಯಾಯವೇ ಬಿಟ್ಟುಹೋಗುತ್ತದೆ. ಆದ್ದರಿಂದ ವಿನಾಯಿತಿ ಕೇಳಬೇಡಿ, ಸುರಕ್ಷತೆ ಕೇಳಿ. ವಾಹನ ಕೇಳಿ, ಕಾವಲು ಕೇಳಿ, ವಿಶ್ರಾಂತಿ ಕೊಠಡಿ ಕೇಳಿ. ನಾವೆಲ್ಲ ಸೇರಿ ಕೇಳಿದರೆ ಕೊಡಲೇಬೇಕಾಗುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯ ಹೆರಿಗೆಗೆ ಹೆಣ್ಣು ನರ್ಸೇ ಬೇಕೆನ್ನುತ್ತೇವೆ, ನಮ್ಮ ಭಾಷೆ ಬಲ್ಲವಳಾದರೆ ಇನ್ನೂ ಒಳ್ಳೆಯದೆನ್ನುತ್ತೇವೆ. ಆದರೆ ಮಗಳು ನರ್ಸ್ ಆಗುತ್ತೇನೆಂದರೆ, "ಮದುವೆಗೆ ಕಷ್ಟ" ಎನ್ನುತ್ತೇವೆ. ಎಲ್ಲರಿಗೂ ನರ್ಸ್ ಬೇಕು, ಯಾರ ಮನೆಯಿಂದಲೂ ನರ್ಸ್ ಹೊರಡಬಾರದು ಎಂದರೆ ಹೇಗೆ?

ಸಂಸ್ಥೆಗೆ ನನ್ನ ಮನವಿ

ಕೊನೆಯದಾಗಿ ನಮ್ಮ ಸಂಸ್ಥೆಗೆ ಮೂರು ಸಲಹೆಗಳು. ಒಂದು, ನರ್ಸಿಂಗ್ ಓದುವವರಿಗೆ ವಿದ್ಯಾರ್ಥಿವೇತನ ಕೊಡುವಾಗ, ಅಂಕಪಟ್ಟಿಯ ಜೊತೆಗೆ ಅವರು ಸೇರುವ ಕಾಲೇಜಿಗೆ ಒಳ್ಳೆಯ ಆಸ್ಪತ್ರೆ ಇದೆಯೇ ಎಂದು ನೋಡಿ ಕೊಡಿ. ನಮ್ಮ ಹಣ ಸರಿಯಾದ ಕಡೆ ಹೋಗುತ್ತದೆ. ಎರಡು, ಪಿ.ಯು.ಸಿ. ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಆರು ವಾರಗಳ ಇಂಗ್ಲಿಷ್ ಮತ್ತು ಲೆಕ್ಕದ ತರಗತಿ ನಡೆಸಿ. ಭಾಷಾ ಶಿಕ್ಷಕರ ಕಡೆಯಿಂದ ಸಮಯ ಕೊಡಲು ನಾನು ಸಿದ್ಧ. ಮೂರು, ನಮ್ಮ ಊರಿನವರೇ ಆದ ಅನುಭವಿ ಸಿಸ್ಟರುಗಳನ್ನೂ ಬ್ರದರುಗಳನ್ನೂ ಮುಂದಿನ ಸಮಾವೇಶದಲ್ಲಿ ಈ ವೇದಿಕೆಗೆ ಕರೆಯಿರಿ. ಇಂಜಿನಿಯರ್‌ಗೆ, ಡಾಕ್ಟರ್‌ಗೆ ಶಾಲು ಹೊದಿಸುವ ನಾವು ನರ್ಸಿಗೂ ಒಂದು ಶಾಲು ಹೊದಿಸೋಣ. ಆಮೇಲೆ ಆಕೆಯ ಕೈಗೆ ಮೈಕು ಕೊಟ್ಟು, ಇವತ್ತು ನಾನು ಹೇಳಿದ್ದರಲ್ಲಿ ಎಷ್ಟು ನಿಜವೆಂದು ಕೇಳೋಣ.